ಅಣ್ಣನ ಗಂಟಲು ಮತ್ತು ಅಲೆಮಾರಿ ನರ

ಅಣ್ಣನ ಗಂಟಲು ಕೆಟ್ಟಿದೆ ಎಂದು ನನಗೆ ಮೊದಲು ಗೊತ್ತಾದದ್ದು ಫೋನಿನಲ್ಲಿ. ಹಿರಿಯೂರಿನ ನಮ್ಮ ಹೈಸ್ಕೂಲಿನಲ್ಲಿ ಆಗ ಊಟದ ಬಿಡುವು. ವರಾಂಡದ ತುಂಬ ಮಕ್ಕಳ ಗಲಾಟೆ. ಆ ಕಡೆಯಿಂದ ಯಾರೋ ಉಸುರಿದ ಹಾಗೆ ಕೇಳಿತು. "ಯಾರ್ರೀ ಅದು? ಜೋರಾಗಿ ಮಾತಾಡ್ರಿ" ಎಂದು ಗದರಿದೆ. ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳಿಗೆ ಗದರುವುದೇ ಮಾತಾಡುವ ರೀತಿ ಆಗಿಬಿಟ್ಟಿರುತ್ತದೆ. "ನಾನು ಕಣವ್ವ, ನಿಮ್ಮಣ್ಣ" ಎಂದಿತು ಆ ದನಿ. ನಾನು ನಂಬಲಿಲ್ಲ. ನನ್ನ ಅಣ್ಣ ಮಾತಾಡಿದರೆ ಫೋನನ್ನು ಕಿವಿಯಿಂದ ಗೇಣುದ್ದ ದೂರ ಹಿಡಿಯಬೇಕಿತ್ತು.

ಅಣ್ಣ ಈಗಿಲ್ಲ. ಅವನ ವಿಚಾರ ಬರೆಯಬೇಕೆಂದು ಕೂತಾಗಲೆಲ್ಲ ಅವನ ಮುಖಕ್ಕಿಂತ ಮೊದಲು ಆ ಉಸಿರಿನಂಥ ದನಿಯೇ ನೆನಪಿಗೆ ಬರುತ್ತದೆ. ಅದು ನನಗೆ ಇಷ್ಟವಿಲ್ಲ. ಅದು ಅವನ ದನಿಯೇ ಅಲ್ಲ.

ಹೊಸದುರ್ಗ ತಾಲ್ಲೂಕಿನ ಒಂದು ಹಟ್ಟಿ ನಮ್ಮದು. ಅಪ್ಪನ ಕಾಲದಿಂದಲೂ ಮನೆಯಲ್ಲಿ ಕುರಿಗಳಿದ್ದವು. ನಾನು ಓದಿ ನೌಕರಿ ಹಿಡಿದೆ, ಅಣ್ಣ ಹಿಂಡು ಹಿಡಿದ. ಯಾರೂ ಯಾರಿಗೋಸ್ಕರವೂ ತ್ಯಾಗ ಮಾಡಲಿಲ್ಲ. ಅವನಿಗೆ ಶಾಲೆ ಎಂದರೆ ಆಗುತ್ತಿರಲಿಲ್ಲ, ನನಗೆ ಕುರಿಯ ವಾಸನೆ ಆಗುತ್ತಿರಲಿಲ್ಲ. ಸುಗ್ಗಿ ಮುಗಿದ ಹೊಲಗಳಲ್ಲಿ, ತೆಂಗಿನ ತೋಟಗಳಲ್ಲಿ ಅವನು ಗೊಬ್ಬರಕ್ಕೆಂದು ಕುರಿ ಕೂಡುತ್ತಿದ್ದ. ಮಳೆ ಬಿದ್ದರೆ ಗುಡ್ಡದ ಕಡೆ ಹೊಡೆಯುತ್ತಿದ್ದ. ಈಗ ಆ ಗುಡ್ಡಗಳ ಮೇಲೆಲ್ಲ ಕರೆಂಟು ಮಾಡುವ ಗಾಳಿ ಫ್ಯಾನುಗಳು ನಿಂತಿವೆ. ಅವು ತಿರುಗುವ ಸದ್ದನ್ನೂ ಮೀರಿ ಅಣ್ಣನ ಕೂಗು ಕೆಳಗಿನ ಹಟ್ಟಿಗೆ ಕೇಳುತ್ತಿತ್ತು.

ಆ ಕೂಗನ್ನು ಬರೆದು ತೋರಿಸುವುದು ಕಷ್ಟ. ಗಂಟಲಿನ ತಳದಲ್ಲಿ "ಹ್ರ್‌ರ್‌ರ್" ಎಂದು ಉರುಳಿ, ಮೂಗಿಗೆ ಏರಿ, ಕೊನೆಗೆ "ಹೋ...ಯ್" ಎಂದು ಬಾಯಿ ತೆರೆಯುತ್ತಿತ್ತು. ಕುರಿ ಕಾಯುವ ಪ್ರತಿಯೊಬ್ಬನಿಗೂ ಅವನವನದೇ ಕೂಗು. ಬೇಸಿಗೆಯಲ್ಲಿ ನಮ್ಮೂರ ಕೆರೆಗೆ ಎರಡು ಮೂರು ಹಿಂಡು ಒಟ್ಟಿಗೆ ನೀರಿಗಿಳಿಯುತ್ತವೆ. ಎಲ್ಲ ಕಲೆತುಹೋಗುತ್ತವೆ. ಯಾರೂ ಗಾಬರಿಯಾಗುವುದಿಲ್ಲ. ಏರಿಯ ಮೇಲೆ ಕುಂತು ಬೀಡಿ ಸೇದುತ್ತಾರೆ, ಮಾತಾಡುತ್ತಾರೆ. ಹೊರಡುವ ಹೊತ್ತಿಗೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ನಿಂತು ಕೂಗು ಹಾಕುತ್ತಾರೆ. ಕುರಿಗಳು ತಲೆ ಎತ್ತಿ, ತಮ್ಮ ತಮ್ಮ ದನಿಯ ಕಡೆಗೆ ತಾವಾಗಿಯೇ ಬೇರೆಯಾಗುತ್ತವೆ. ಒಂದು ಮರಿಯೂ ಅದಲುಬದಲಾಗುವುದಿಲ್ಲ.

ಅಣ್ಣ ಫೋನು ಮಾಡಿದ್ದು ಅದಕ್ಕೇ. ಹಿಂದಿನ ದಿನ ಏರಿಯ ಮೇಲೆ ನಿಂತು ಕೂಗಿದ್ದಾನೆ, ಬಾಯಿಂದ ಬರೀ ಗಾಳಿ ಬಂದಿದೆ. ಅವನ ಕುರಿಗಳು ಸ್ವಲ್ಪ ಹೊತ್ತು ಅತ್ತಿತ್ತ ನೋಡಿ, ಪಕ್ಕದೂರಿನವನ ಕೂಗಿನ ಹಿಂದೆ ಹೊರಟುಬಿಟ್ಟಿವೆ. ಆ ಪಕ್ಕದೂರಿನವನು ಒಳ್ಳೆಯ ಮನುಷ್ಯ. ತಾನೇ ತಿರುಗಿಸಿ ತಂದು ಬಿಟ್ಟಿದ್ದಾನೆ, ಒಂದು ಮಾತೂ ಆಡಿಲ್ಲ.

"ನನ್ ಕುರಿ ಇನ್ನೊಬ್ಬನ ಹಿಂದೆ ಹೋದ್ವು ಕಣವ್ವ" ಎಂದ ಅಣ್ಣ. ಹೆಂಡತಿ ಮನೆ ಬಿಟ್ಟು ಹೋಗಿದ್ದರೂ ಅಷ್ಟು ಕುಗ್ಗಿ ಹೇಳುತ್ತಿರಲಿಲ್ಲ ಎಂದು ಅತ್ತಿಗೆ ಆಮೇಲೆ ಎಷ್ಟೋ ಸಲ ಹೇಳಿ ನಗುತ್ತಿದ್ದಳು. ಆಗ ಇನ್ನೂ ನಗುವ ಹಾಗಿತ್ತು.

ಕೂಗಿ ಕೂಗಿ ಗಂಟಲು ಕಟ್ಟಿದೆ ಎಂದರು ಎಲ್ಲರೂ. ಶುಂಠಿ, ಮೆಣಸು, ವೀಳ್ಯದೆಲೆ ಆಯಿತು. ಯಾರೋ ಬಿಸಿ ತುಪ್ಪ ಎಂದರು, ಅದೂ ಆಯಿತು. ಒಂದು ಮದುವೆ ಊಟದಲ್ಲಿ ಅವನ ಎದುರು ಕುಂತು, ಅವನು ಬಾಯಿ ಆಡಿಸುವುದನ್ನೂ ಯಾರಿಗೂ ಏನೂ ಕೇಳಿಸದಿರುವುದನ್ನೂ ನೋಡಿದ ಮೇಲೆ ನಾನು ರಜೆ ಹಾಕಿ ಚಿತ್ರದುರ್ಗಕ್ಕೆ ಕರೆದುಕೊಂಡು ಹೋದೆ.

ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಮೂಗಿನೊಳಗಿಂದ ಸಣ್ಣ ಕೊಳವೆ ಇಳಿಸಿ, ಗಂಟಲಿನೊಳಗನ್ನು ಪರದೆಯ ಮೇಲೆ ತೋರಿಸಿದಳು. ದನಿ ಹೊರಡಿಸುವ ಎರಡು ಬಿಳಿಯ ಮಡಿಕೆಗಳು. ಬಲಗಡೆಯದು ಅಲ್ಲಾಡುತ್ತಿತ್ತು, ಎಡಗಡೆಯದು ಸುಮ್ಮನೆ ನಿಂತಿತ್ತು. ಅದಕ್ಕೆ ಬರುವ ನರ ಕೆಲಸ ಮಾಡುತ್ತಿಲ್ಲ ಎಂದಳು. ಆ ನರ ವೇಗಸ್ ಎಂಬ ದೊಡ್ಡ ನರದ ಕವಲು. ವೇಗಸ್ ಮಿದುಳಿನಿಂದ ಹೊರಟು ಕತ್ತಿನಲ್ಲಿ ಇಳಿದು, ಎದೆ, ಹೊಟ್ಟೆ ಎಲ್ಲ ಸುತ್ತುತ್ತದೆ. ಎಡಗಡೆಯ ಈ ಕವಲು ಎದೆಯೊಳಗೆ ಹೋಗಿ, ಹೃದಯದ ದೊಡ್ಡ ರಕ್ತನಾಳವನ್ನು ಬಳಸಿಕೊಂಡು ಮತ್ತೆ ಮೇಲೆ ಗಂಟಲಿಗೆ ಬರುತ್ತದೆ. ನಾನು ಈ ನರವನ್ನು ತರಗತಿಯಲ್ಲಿ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಿದ್ದವಳು.

"ವೇಗಸ್ ಅಂದ್ರೆ ಅಲೆಮಾರಿ ಅಂತ ಅರ್ಥ ಅಣ್ಣ" ಎಂದೆ, ನನಗೂ ಗೊತ್ತಿದೆ ಎಂದು ತೋರಿಸಿಕೊಳ್ಳಲು.

"ನಮ್ಮಂಗೇ ಅನ್ನು. ಎಲ್ಲೆಲ್ಲೋ ತಿರುಗ್ಕಂಡು ಬಂದು ಕೊನೀಗೆ ರೊಪ್ಪ ಸೇರ್ತೈತೆ" ಎಂದ ಅಣ್ಣ. ರೊಪ್ಪ ಎಂದರೆ ಕುರಿ ಕೂಡುವ ಬೇಲಿ. ಡಾಕ್ಟರಿಗೆ ಕೇಳಿಸಲಿಲ್ಲ. ನಾನು ಗಟ್ಟಿಯಾಗಿ ಹೇಳಿದ ಮೇಲೆ ನಕ್ಕಳು. ಆಮೇಲೆ ನಗು ನಿಲ್ಲಿಸಿ, ಶೀತದಿಂದಲೂ ನರ ಹೀಗೆ ಸೋಲಬಹುದು, ಆದರೆ ಎದೆಯೊಳಗೆ ಏನಾದರೂ ಬೆಳೆದು ಅದನ್ನು ಒತ್ತುತ್ತಿರಲೂಬಹುದು, ಎದೆಯ ಸ್ಕ್ಯಾನ್ ಆಗಲೇಬೇಕು ಎಂದಳು. ಅಲ್ಲಿಯವರೆಗೆ ಮನೆಯಲ್ಲಿ ಬಾಯಿ ಮುಚ್ಚಿ ಗುಂಯ್‌ಗುಡುವ ಅಭ್ಯಾಸ ಮಾಡಿಸಿ, ಬೀಡಿ ಬಿಡಿಸಿ ಎಂದಳು. ಬೀಡಿಯ ಮಾತು ಬಂದಾಗ ಅಣ್ಣ ಕಿಟಕಿಯ ಹೊರಗೆ ನೋಡಿದ.

ಸ್ಕ್ಯಾನಿಗೆ ಮುಂದಿನ ವಾರದ ದಿನ ಕೊಟ್ಟರು. "ಮುಂದಿನ ವಾರ ಆಗಲ್ಲ. ಕುರಿ ಮರಿ ಹಾಕ್ತಾ ಅವೆ. ನಾನಿಲ್ದೆ ಆದ್ರೆ ಹೆಂಗೆ?" ಎಂದ ಅಣ್ಣ ಬಸ್ಸಿನಲ್ಲಿ. ನಾನು ರೇಗಿದೆ. ಅವನ ಹತ್ತಿರ ಜಗಳವಾಡುವುದೂ ಕಷ್ಟವಾಗಿತ್ತು. ನಾನು ಕೂಗುತ್ತಿದ್ದೆ, ಅವನು ಉಸುರುತ್ತಿದ್ದ. ಬಸ್ಸಿನಲ್ಲಿದ್ದವರೆಲ್ಲ ಪಾಪ ಯಾರೋ ಬಾಯಿಬಡುಕಿ ಹೆಂಗಸಿನ ಕೈಗೆ ಸಿಕ್ಕಿದ್ದಾನೆ ಎನ್ನುವಂತೆ ಅವನನ್ನು ನೋಡಿದರು.

ಸ್ಕ್ಯಾನಿನ ದಿನ ಹಾಗೆಯೇ ದಾಟಿಹೋಯಿತು. ಬೇಸಿಗೆ ರಜೆ ಬಂತು. ನಾನು ಚೀಲ ತುಂಬಿಕೊಂಡು ಹಟ್ಟಿಗೆ ಹೋದೆ, ಅಣ್ಣನ ನರವನ್ನು ರಿಪೇರಿ ಮಾಡಿಯೇ ಬರುತ್ತೇನೆಂದು. ಅಷ್ಟರಲ್ಲಿ ನನ್ನ ಫೋನಿಗೆ ನನ್ನ ಸಂಕಟ ಗೊತ್ತಾಗಿಬಿಟ್ಟಿತ್ತು. ಒಂದು ಸಲ ವೇಗಸ್ ಎಂದು ಹುಡುಕಿದ್ದೇ ತಡ, ಬೆರಳಿಟ್ಟ ಕಡೆಯೆಲ್ಲ ಅದೇ ವಿಡಿಯೋ. ಮನೆಯಲ್ಲೇ ವೇಗಸ್ ನರವನ್ನು ಎಚ್ಚರಿಸಿ, ನಿದ್ದೆ ಬರುತ್ತದೆ, ಹೊಟ್ಟೆ ಹಗುರಾಗುತ್ತದೆ, ಎದೆ ಬಡಿತ ಸರಿಹೋಗುತ್ತದೆ, ಸಿಟ್ಟು ಇಳಿಯುತ್ತದೆ. ಹೇಳುವವರೆಲ್ಲರ ಹಲ್ಲೂ ಒಂದೇ ಬಿಳುಪು, ಹಿಂದೆ ಒಂದೇ ಥರದ ಹಸಿರು ಗಿಡ. ಎಲ್ಲವನ್ನೂ ವಾಸಿ ಮಾಡುತ್ತೇನೆ ಎನ್ನುವ ಯಾವುದನ್ನೂ ನಂಬಬೇಡಿ ಎಂದು ಮಕ್ಕಳಿಗೆ ಹೇಳಿಕೊಡುವವಳು ನಾನು. ಆದರೂ ಒಂದನ್ನೂ ಬಿಡದೆ ನೋಡಿದೆ. ನಿಶ್ಶಬ್ದವಾದ ಅಣ್ಣನನ್ನು ನೋಡಿಕೊಂಡು ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ.

ಬೆಳಿಗ್ಗೆ ಎದ್ದ ಕೂಡಲೇ ಮುಖಕ್ಕೆ ತಣ್ಣೀರು. ಕುರಿಗಳ ನೀರಿನ ತೊಟ್ಟಿಯ ಪಕ್ಕ ನಿಲ್ಲಿಸಿ ಚೊಂಬಿನಿಂದ ಎರಚುತ್ತಿದ್ದೆ. ಆಮೇಲೆ ಉಪ್ಪುನೀರು ಬಾಯಿಗೆ ಹಾಕಿಕೊಂಡು, ತಲೆ ಹಿಂದಕ್ಕೆ ಎತ್ತಿ ಗಳಗಳ ಮುಕ್ಕಳಿಸುವುದು. ಆ ಸದ್ದಿಗೆ ರೊಪ್ಪದೊಳಗಿನ ಕುರಿಗಳೆಲ್ಲ ಮೆಲುಕು ಹಾಕುವುದನ್ನು ಬಿಟ್ಟು ತಿರುಗಿ ನೋಡುತ್ತಿದ್ದವು. ಆಮೇಲೆ ಜಗುಲಿಯ ಮೇಲೆ ಕೂರಿಸಿ ಉಸಿರಿನ ಪಾಠ. ಮೂಗಿನಲ್ಲಿ ಎಳೆದುಕೊಳ್ಳುವುದು ಸ್ವಲ್ಪ, ಬಿಡುವುದು ಉದ್ದಕ್ಕೆ. ಕೊನೆಗೆ ಬಾಯಿ ಮುಚ್ಚಿ ಗುಂಯ್ ಎನ್ನುವುದು.

"ನಿನ್ನ ಶಾಲೆ ಹುಡುಗ್ರ ಗತಿ ಏನಿರ್ಬೋದು ಅಂತ ಈಗ ಗೊತ್ತಾತು" ಎಂದು ಉಸುರಿದ ಅಣ್ಣ ಮುಖ ಒರೆಸಿಕೊಳ್ಳುತ್ತಾ.

"ಬಾಯಿ ಮುಚ್ಚು. ಮುಚ್ಚಿಕೊಂಡೇ ಗುಂಯ್ ಅನ್ನು."

ಅವನ ಗುಂಯ್ ಪಂಚರಾದ ಸೈಕಲ್ ಟ್ಯೂಬಿನ ಸದ್ದಿನಂತಿತ್ತು. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದವಳು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಅವನ ಕೈಯನ್ನು ತೆಗೆದು ನನ್ನ ಎದೆಯ ಮೇಲಿನ ಎಲುಬಿನ ಹತ್ತಿರ ಇಟ್ಟು, ಗುಂಯ್ ಎಂದು, "ನಡುಗೋದು ಗೊತ್ತಾಯ್ತಾ? ಹಂಗೆ ನಿನ್ನ ಎದೇಲೂ ನಡುಗಬೇಕು" ಎಂದೆ. ಅವನು ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡು ಪ್ರಯತ್ನಿಸಿದ. ಏನೂ ನಡುಗಲಿಲ್ಲ. ತಲೆ ಅಲ್ಲಾಡಿಸಿದ. ಮರುದಿನ ನಾನು ಏಳುವುದಕ್ಕೆ ಮುಂಚೆಯೇ ತೊಟ್ಟಿಯ ಹತ್ತಿರ ಹೋಗಿ ತಾನೇ ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದ.

ಅವನು ಅಷ್ಟು ಶ್ರದ್ಧೆಯಿಂದ ಏನನ್ನೂ ಕಲಿತದ್ದನ್ನು ನಾನು ಕಂಡಿರಲಿಲ್ಲ. ಬೀಡಿ ಬಿಡಲಿಲ್ಲ, ಕಮ್ಮಿ ಮಾಡಿದ. ಕುರಿ ಮೇಯಿಸಲು ಹೋದಾಗಲೂ ಗುಡ್ಡದ ಮೇಲೆ ಒಬ್ಬನೇ ಕುಂತು ಗುಂಯ್‌ಗುಡುತ್ತಿದ್ದನಂತೆ. ಆ ದಿನಗಳಲ್ಲಿ ಅತ್ತಿಗೆ ಹಿಂಡಿನ ಜೊತೆ ಹೋಗುತ್ತಿದ್ದಳು, ಕೂಗು ಹಾಕಲು. ಅವಳ ಕೂಗಿಗೆ ಅರ್ಧ ಕುರಿ ಬರುತ್ತಿದ್ದವು, ಇನ್ನರ್ಧವನ್ನು ಅಣ್ಣ ಓಡಿ ತಿರುಗಿಸಬೇಕಿತ್ತು. ಸಂಜೆ ಸುಸ್ತಾಗಿ ಬಂದು ಕಂಬಳಿಯ ಮೇಲೆ ಬೀಳುತ್ತಿದ್ದ. ಆ ಸುಸ್ತನ್ನು ನಾವು ಓಡಾಟದ ಸುಸ್ತು ಎಂದುಕೊಂಡೆವು.

ರಜೆ ಅರ್ಧ ಮುಗಿದಿತ್ತು. ಒಂದು ಬೆಳಿಗ್ಗೆ ನಾನು ಒಳಗೆ ತಲೆ ಬಾಚಿಕೊಳ್ಳುತ್ತಿದ್ದೆ. ಹೊರಗೆ ಯಾರೋ ದಪ್ಪ ದನಿಯಲ್ಲಿ ಗುಂಯ್ ಎಂದರು. ಒರಟಾಗಿತ್ತು, ನಡುವೆ ಒಡೆಯುತ್ತಿತ್ತು, ಆದರೆ ಅದು ಗಾಳಿಯಲ್ಲ, ದನಿ. ಬಾಚಣಿಗೆ ಕೂದಲಲ್ಲೇ ಬಿಟ್ಟು ಓಡಿದೆ. ಅಣ್ಣ ಎರಡೂ ಕೈ ಎದೆಯ ಮೇಲಿಟ್ಟುಕೊಂಡು ನಿಂತಿದ್ದ. "ನಡುಗ್ತೈತೆ" ಎಂದ. ನಾನು ಅತ್ತುಬಿಟ್ಟೆ. ಅತ್ತಿಗೆಯೂ ಅತ್ತಳು. ಅವನು ನಮ್ಮಿಬ್ಬರನ್ನೂ ನೋಡಿ, ತನಗೆ ಬಂದ ಹೊಸ ದನಿಯಲ್ಲಿ, "ಹೊಟ್ಟೆ ಹಸಿದೈತೆ, ಅಳಾದು ಆಮ್ಯಾಕೆ ಅಳ್ರಿ" ಎಂದ.

ಕೆಲವು ದಿನಗಳಲ್ಲಿ ದನಿ ಗಟ್ಟಿಯಾಯಿತು. ಆದರೆ ಅವನು ಕುರಿಗಳನ್ನು ಕೂಗಲಿಲ್ಲ. ಮನೆಯ ಹತ್ತಿರ ಕೂಗಿದರೆ ಕುರಿ ಹೇಗೂ ಬರುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ ಎಂದ. ಒಂದು ಮಧ್ಯಾಹ್ನ ನನ್ನನ್ನೂ ಕರೆದುಕೊಂಡು ಹಿಂಡನ್ನು ಕೆರೆಗೆ ಹೊಡೆದ. ಪಕ್ಕದೂರಿನವನ ಹಿಂಡು ನೀರಿನಲ್ಲಿತ್ತು. ಅಣ್ಣ ತನ್ನ ಹಿಂಡನ್ನು ಬೇಕೆಂದೇ ಅದರ ನಡುವೆ ನುಗ್ಗಿಸಿದ. ಎಲ್ಲ ಕಲೆತವು. ಇಬ್ಬರೂ ಏರಿಯ ಮೇಲೆ ಕುಂತು ಬೀಡಿ ಸೇದಿದರು. ನಾನು ಬೈದೆ, ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಪಕ್ಕದೂರಿನವನು ಎದ್ದು ಪಡುವಣಕ್ಕೆ ನಿಂತ, ಅಣ್ಣ ಮೂಡಣಕ್ಕೆ.

ಪಕ್ಕದೂರಿನವನು ಮೊದಲು ಕೂಗಿದ. ಕುರಿಗಳು ತಲೆ ಎತ್ತಿದವು. ಅಣ್ಣ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡ, ನಾನು ಹೇಳಿಕೊಟ್ಟ ಹಾಗೆಯೇ. ಆಮೇಲೆ ಕೂಗಿದ. ಹಳೆಯ ಕೂಗಿನಷ್ಟು ದೊಡ್ಡದಲ್ಲ. ಆದರೆ ತಳದಲ್ಲಿ ಉರುಳಿತು, ಮೂಗಿಗೆ ಏರಿತು, ಬಾಯಿ ತೆರೆಯಿತು. ನೀರಿನಲ್ಲಿದ್ದ ಹಿಂಡು ಎರಡಾಯಿತು. ನಮ್ಮ ಕುರಿಗಳು ಅಣ್ಣನ ಕಡೆಗೆ, ಅವನ ಕಾಲಿನ ಹತ್ತಿರಕ್ಕೆ, ಒಂದನ್ನೊಂದು ತಳ್ಳಿಕೊಂಡು ಬಂದವು. ಒಂದೂ ಆ ಕಡೆ ಹೋಗಲಿಲ್ಲ. ಪಕ್ಕದೂರಿನವನು ಅಲ್ಲಿಂದಲೇ ಕೈ ಮುಗಿದು ಮೇಲಕ್ಕೆ ತೋರಿಸಿದ. ಅಣ್ಣ ಟವಲಿನಿಂದ ಮುಖ ಮುಚ್ಚಿಕೊಂಡ.

ಕೆಟ್ಟದ್ದೆಲ್ಲ ಶುರುವಾದದ್ದು ಆ ಒಳ್ಳೆಯ ಮಧ್ಯಾಹ್ನದಿಂದ.

ಹಟ್ಟಿಯಲ್ಲಿ ಸುದ್ದಿ ಹಬ್ಬಿತು. ಮನೆದೇವರಿಗೆ ಟಗರು ಒಪ್ಪಿಸಿ ಊಟ ಹಾಕಿದರು. ಊಟಕ್ಕೆ ಬಂದವರೆಲ್ಲ ನನ್ನನ್ನು ಸುತ್ತಿಕೊಂಡರು. ಆ ನರ ಎಲ್ಲಿರುತ್ತೆ, ನಮಗೂ ಐತಾ ಎಂದು ಕೇಳಿದರು. ಒಬ್ಬನಿಗೆ ಹೊಟ್ಟೆಯಲ್ಲಿ ಗ್ಯಾಸು, ಒಬ್ಬನಿಗೆ ಸಕ್ಕರೆ ಕಾಯಿಲೆ. ಒಬ್ಬ ಮುದುಕಿಗೆ ತನ್ನ ಸೊಸೆಯ ಬಾಯಿ ಕಮ್ಮಿಯಾಗಬೇಕಿತ್ತು, ಅದಕ್ಕೇನಾದರೂ ನರ ಐತೇನವ್ವ ಎಂದಳು. ನನಗೆ ಹೆಮ್ಮೆಯಾಗಿದ್ದು ನಿಜ. ಆದರೆ ಆ ಗದ್ದಲದಲ್ಲೂ ಅಣ್ಣನ ಕಿವಿಯಲ್ಲಿ ಹೇಳಿದೆ, ಸ್ಕ್ಯಾನ್ ಮಾಡಿಸಲೇಬೇಕು ಎಂದು.

"ಇನ್ಯಾಕೆ?" ಎಂದ.

"ದನಿ ಯಾಕೆ ಹೋಯ್ತು ಅಂತ ತಿಳೀಬೇಡವಾ? ಎದೆಯೊಳಗೆ ಏನಾದ್ರೂ ಇದ್ರೆ?"

"ಕುರಿ ತಿರುಗಿದ್ವು. ಮುಗೀತು. ಕುರಿಗಿಂತ ನಿನ್ನ ಮಿಷನ್ನು ದೊಡ್ಡದಾ? ಮೈಯಾಗೆ ಏನಾರ ಇದ್ರೆ ಅವಕ್ಕೆ ಮೊದ್ಲು ಗೊತ್ತಾಗ್ತೈತೆ. ಕಾಯ್ಲೆ ಬಿದ್ದೋನ ಹಿಂದೆ ಅವು ಬರಲ್ಲ."

ಇದು ಅವನೊಬ್ಬನ ಮಾತಲ್ಲ. ನಮ್ಮವರಲ್ಲಿ ಹಿಂದಿನಿಂದಲೂ ಇರುವ ನಂಬಿಕೆ. ಸಾಯುವ ರೋಗ ಹಿಡಿದವನ ಕೂಗನ್ನು ಹಿಂಡು ಕೇಳುವುದಿಲ್ಲ, ಹಿಂಡು ಕೇಳಿತು ಎಂದರೆ ಅವನಿಗೆ ಭಯವಿಲ್ಲ. ನಮ್ಮ ಅಪ್ಪನೂ ಇದನ್ನೇ ಹೇಳುತ್ತಿದ್ದ. ಊಟಕ್ಕೆ ಕೂತಿದ್ದ ಹಿರಿಯರೆಲ್ಲ ತಲೆದೂಗಿದರು. ವಿಜ್ಞಾನದ ಮೇಡಂ ಒಬ್ಬಳೇ ಎಲೆಯ ಮುಂದೆ ಕುಂತು ಹಲ್ಲು ಕಚ್ಚಿದೆ.

ಶಾಲೆ ಶುರುವಾದ ಮೇಲೆ ನಾನೇ ಸ್ಕ್ಯಾನಿಗೆ ಇನ್ನೊಂದು ದಿನ ಗೊತ್ತು ಮಾಡಿಸಿದೆ. ಬರುತ್ತೇನೆ ಎಂದ. ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಹೊಸದುರ್ಗದ ಬಸ್ಸುಗಳು ಬಂದು ನಿಲ್ಲುವ ಕಡೆ ಕಾದೆ. ಒಂದೊಂದು ಬಸ್ಸಿನಿಂದ ಇಳಿದವರ ಮುಖವನ್ನೆಲ್ಲ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಫೋನು ಮಾಡಿದರೆ, ಹಿಂದೆ ಕುರಿಗಳ ಸದ್ದು. "ಲೇ, ನಾನು ಸಿರಿಗೆರೆ ಕಡೆ ಒಂದು ತೋಟದಾಗೆ ಕುರಿ ಕೂಡೀನಿ. ಕೇಳು ನನ್ ದನಿ ಹೆಂಗೈತೆ!" ಎಂದು, ಫೋನಿನಲ್ಲೇ ಒಂದು ಕೂಗು ಹಾಕಿದ. ನನ್ನ ಕಿವಿ ಗುಂಯ್ ಎಂದಿತು. ಅಷ್ಟು ಜನರ ನಡುವೆ ನಾನು ಅವನನ್ನು ಬಾಯಿಗೆ ಬಂದ ಹಾಗೆ ಬೈದೆ. ಅವನು ನಗುತ್ತಲೇ ಇದ್ದ. ಆ ನಗುವೂ ಗಟ್ಟಿಯಾಗಿತ್ತು.

ತಪ್ಪು ನನ್ನದು ಎಂದು ಎದೆ ಬಡಿದುಕೊಂಡು ದೊಡ್ಡವಳಾಗುವ ಚಟ ನನಗಿಲ್ಲ. ನಾನು ಹೇಳಿದೆ, ಅವನು ಕೇಳಲಿಲ್ಲ. ಆದರೆ ಸಿಟ್ಟಿದೆ. ಅವನ ಮೇಲೆ, ತಲೆದೂಗಿದ ಹಿರಿಯರ ಮೇಲೆ, ಫೋನಿನ ಬಿಳಿ ಹಲ್ಲಿನವರ ಮೇಲೆ, ಕುರಿಗಳ ಮೇಲೂ. ಕುರಿಗಳ ಮೇಲೆ ಸಿಟ್ಟು ಮಾಡಿಕೊಳ್ಳುವವಳು ಎಂಥ ಮೇಡಂ ಎಂದು ಯಾರಾದರೂ ಕೇಳಿದರೆ ಕೇಳಲಿ.

ದೀಪಾವಳಿಗೆ ಹೋದಾಗ ಅಣ್ಣನ ಅಂಗಿ ಅವನ ಮೈಮೇಲೆ ಜೋತು ಬಿದ್ದಿತ್ತು. ಕೆಮ್ಮಿದಾಗ ಟವಲನ್ನು ಮಡಿಸಿ ಮುಚ್ಚಿಟ್ಟುಕೊಂಡ. ಅತ್ತಿಗೆ ಆ ಟವಲನ್ನು ನನಗೆ ಹಿತ್ತಲಿನಲ್ಲಿ ತೋರಿಸಿದಳು. ರಕ್ತವಿತ್ತು. ಈ ಸಲ ಕರೆದ ತಕ್ಷಣ ಬಂದ. ಅವನು ತಕರಾರು ಮಾಡದೆ ಬಂದದ್ದಕ್ಕೇ ನನಗೆ ಭಯವಾಯಿತು. ಚಿಕ್ಕಜಾಜೂರಿಗೆ ಕೊಟ್ಟ ಅವನ ಒಬ್ಬಳೇ ಮಗಳೂ, ರೈಲ್ವೆಯಲ್ಲಿ ಕೆಲಸ ಮಾಡುವ ಅಳಿಯನೂ ಆಸ್ಪತ್ರೆಗೆ ಬಂದರು.

ಅದೇ ಡಾಕ್ಟರು. ಸ್ಕ್ಯಾನಿನ ಚಿತ್ರವನ್ನು ನನ್ನ ಕಡೆ ತಿರುಗಿಸಿ ತೋರಿಸಿದಳು. ಎಡಗಡೆಯ ಶ್ವಾಸಕೋಶದಲ್ಲಿ ಗೆಡ್ಡೆ, ಅದು ನರವನ್ನು ಹಿಡಿದುಕೊಂಡಿದೆ, ಬೇರೆ ಕಡೆಗೂ ಹರಡಿದೆ. ಹಾಗಾದರೆ ದನಿ ಹೇಗೆ ಬಂತು ಎಂದು ನಾನು ಕೇಳಿದೆ. ನರ ವಾಸಿಯಾಗಿರಲಿಲ್ಲ ಮೇಡಂ ಎಂದಳು. ಅಭ್ಯಾಸದಿಂದ ಬಲಗಡೆಯ ಮಡಿಕೆ ತನ್ನ ಜಾಗ ದಾಟಿ ಹೋಗಿ, ನಿಂತುಹೋದ ಎಡಗಡೆಯದನ್ನು ಮುಟ್ಟುವುದನ್ನು ಕಲಿತಿತ್ತು. ಜೋಡಿಯಲ್ಲಿ ಒಂದು ಎತ್ತು ಕುಸಿದಾಗ ಇನ್ನೊಂದೇ ಗಾಡಿ ಎಳೆದ ಹಾಗೆ. "ನೀವು ಚೆನ್ನಾಗಿಯೇ ಅಭ್ಯಾಸ ಮಾಡಿಸಿದೀರಿ" ಎಂದಳು. ಅವಳು ಸಮಾಧಾನಕ್ಕೆ ಹೇಳಿದ್ದು. ನನಗೆ ಅಲ್ಲಿ ಕೂರಲಾಗಲಿಲ್ಲ.

ಔಷಧಿಗಳು ಶುರುವಾದವು, ನಡೆದವು, ಸಾಕು ಎಂದಾಯಿತು. ಅಣ್ಣನನ್ನು ಮನೆಗೆ ಕರೆತಂದೆವು. ಉಸಿರು ಸಿಗದೆ ಅವನಿಗೆ ಗಾಬರಿಯಾದಾಗ ಏನು ಮಾಡಬೇಕೆಂದು ಆಸ್ಪತ್ರೆಯ ನರ್ಸು ಹೇಳಿಕೊಟ್ಟಿದ್ದಳು. ಮುಖಕ್ಕೆ ಗಾಳಿ ಬೀಸುವುದು, ಮುಂದಕ್ಕೆ ಬಾಗಿಸಿ ಕೂರಿಸುವುದು, ತುಟಿ ಸಣ್ಣಗೆ ಮಾಡಿ ಉದ್ದಕ್ಕೆ ಉಸಿರು ಬಿಡಿಸುವುದು. ಕೊನೆಯದು ನಮಗೆ ಗೊತ್ತೇ ಇತ್ತು. ಅವನ ಬೆನ್ನ ಮೇಲೆ ಕೈ ಇಟ್ಟು ನಾನೂ ಜೊತೆಗೆ ಉಸಿರು ಬಿಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅವನ ಭುಜ ಇಳಿಯುತ್ತಿತ್ತು. ರೋಗಕ್ಕೆ ಅದರಿಂದ ಏನೂ ಆಗಲಿಲ್ಲ. ಗಾಬರಿ ಮಾತ್ರ ಕಮ್ಮಿಯಾಗುತ್ತಿತ್ತು. ಇಷ್ಟನ್ನೇ ಹೇಳಿದ್ದರೆ ಆ ಬಿಳಿ ಹಲ್ಲಿನವರ ಮೇಲೆ ನನಗೆ ಸಿಟ್ಟು ಬರುತ್ತಿರಲಿಲ್ಲ. ದನಿಯೂ ಉಳಿದಿತ್ತು, ಆಶ್ಚರ್ಯ. ಬಾಯಿ ಮುಕ್ಕಳಿಸುವುದನ್ನೂ ಗುಂಯ್‌ಗುಡುವುದನ್ನೂ ಅವನು ಒಂದು ದಿನವೂ ಬಿಡಲಿಲ್ಲ. ಮಲಗಿದಲ್ಲಿಂದಲೇ ದಿನಕ್ಕೊಂದು ಸಲ ರೊಪ್ಪದ ಕಡೆಗೆ ಮೆಲ್ಲಗೆ ಕೂಗುತ್ತಿದ್ದ. ಒಳಗಿಂದ ಕುರಿಗಳು ಓಗೊಡುತ್ತಿದ್ದವು. ಅದನ್ನು ಕೇಳಿಸಿಕೊಂಡ ಮೇಲೆಯೇ ಗಂಜಿ ಕುಡಿಯುತ್ತಿದ್ದ.

ಹಿಂಡನ್ನು ಏನು ಮಾಡುವುದೆಂಬ ಮಾತನ್ನು ಅವನೇ ತೆಗೆದ. ಅತ್ತಿಗೆ ಅವನ ಹಾಸಿಗೆ ಬಿಟ್ಟು ಹೊರಗೆ ಹೋಗುವ ಹಾಗಿರಲಿಲ್ಲ. ಕುರಿಗಳು ರೊಪ್ಪದಲ್ಲೇ ನಿಂತು ಬಡವಾಗುತ್ತಿದ್ದವು. ಅತ್ತಿಗೆಯ ತಮ್ಮ ಹಿರಿಯೂರಿನ ಕಡೆಯವನು, ಅವನೂ ಕುರಿ ಕಾಯುವವನೇ. "ಅವನು ತಗಂಡೋಗ್ಲಿ. ಮಾರಬ್ಯಾಡ್ರಿ, ಕಟುಕರ ಪಾಲಾಗ್ತಾವೆ" ಎಂದ ಅಣ್ಣ.

ಅತ್ತಿಗೆಯ ತಮ್ಮ ಒಂದು ಬೆಳಿಗ್ಗೆ ತನ್ನ ಕಡೆಯ ಇಬ್ಬರನ್ನು ಕರೆದುಕೊಂಡು ಬಂದ. ನಡೆಸಿಕೊಂಡೇ ಹೋಗುವುದೆಂದಾಗಿತ್ತು. ಅಣ್ಣನನ್ನು ಜಗುಲಿಯ ಮಂಚದ ಮೇಲೆ ದಿಂಬು ಒರಗಿಸಿ ಕೂರಿಸಿದೆವು. ಅತ್ತಿಗೆಯ ತಮ್ಮ ರೊಪ್ಪ ತೆಗೆದು, ತನ್ನ ಕೂಗು ಹಾಕಿ, ಮುಂದೆ ನಡೆದ. ಕುರಿಗಳು ಓಣಿಯವರೆಗೆ ಬಂದು ನಿಂತವು. ಹಿಂದಿನಿಂದ ಇಬ್ಬರೂ ತಳ್ಳಿದರು. ನಾಲ್ಕು ಹೆಜ್ಜೆ ಇಟ್ಟು ಮತ್ತೆ ನಿಂತವು.

"ತಡೀರಿ, ನಾನು ಹೇಳ್ತೀನಿ ಅವಕ್ಕೆ" ಎಂದ ಅಣ್ಣ. ಸಹಾಯ ಮಾಡಬೇಕೆಂದು ಅವನ ಮನಸ್ಸಿನಲ್ಲಿತ್ತು. ಎರಡು ಸಲ ನಿಧಾನಕ್ಕೆ ಉಸಿರು ಬಿಟ್ಟು, ಮೂರನೆಯದನ್ನು ಎಳೆದುಕೊಂಡು ಕೂಗಿದ. ಆ ಮೈಯಿಂದ ಅಂಥ ಕೂಗು ಬರುತ್ತದೆಂದು ನಾವು ಯಾರೂ ಎಣಿಸಿರಲಿಲ್ಲ. ಇಡೀ ಹಿಂಡು ತಿರುಗಿ, ಅತ್ತಿಗೆಯ ತಮ್ಮನನ್ನು ಬಳಸಿಕೊಂಡು, ಅಂಗಳಕ್ಕೆ ನುಗ್ಗಿತು. ಮಂಚದ ಸುತ್ತ ತುಂಬಿಕೊಂಡವು. ಕೆಲವು ಜಗುಲಿಯನ್ನೇ ಹತ್ತಿ ಅವನ ಕಂಬಳಿಯನ್ನು ಮೂಸಿದವು. ಅಣ್ಣ ಕೈಗೆ ಸಿಕ್ಕಿದವುಗಳ ತಲೆಯನ್ನೆಲ್ಲ ಸವರಿದ. ನಗುತ್ತಿದ್ದ. ನಾವು ಯಾರೂ ನಗಲಿಲ್ಲ.

ಮತ್ತೆ ಹೊರಡಿಸಿದರು. ಈ ಸಲ ಅಣ್ಣ ಕೂಗಲಿಲ್ಲ. ಓಣಿಯ ತಿರುವಿನವರೆಗೂ ಹೋದವು. ಅಷ್ಟರಲ್ಲಿ ಅವನಿಗೆ ಕೆಮ್ಮು ಬಂತು. ಬರೀ ಕೆಮ್ಮು. ಮುಂದಿನ ಕುರಿಗಳು ಕಿವಿ ನಿಮಿರಿಸಿ ನಿಂತವು, ತಿರುಗಿದವು, ಮತ್ತೆ ಎಲ್ಲವೂ ಅಂಗಳಕ್ಕೆ ಬಂದವು.

ಅತ್ತಿಗೆಯ ತಮ್ಮ ಬೆವರು ಒರೆಸಿಕೊಳ್ಳುತ್ತಾ ಮಂಚದ ಹತ್ತಿರ ಬಂದು ನಿಂತ. ಅವನ ಕಣ್ಣು ಒದ್ದೆಯಾಗಿತ್ತು. "ಭಾವ, ತಪ್ಪು ತಿಳ್ಕಾಬ್ಯಾಡ್ರಿ. ನಿಮ್ಮ ದನಿ ಕೇಳ್ತಿರಾವರ್ಗೂ ಇವು ಹೆಜ್ಜೆ ಕೀಳಲ್ಲ. ನೀವು ಒಳಗೆ ಹೋಗ್ರಿ" ಎಂದ.

ಅಣ್ಣ ಅವನ ಮುಖವನ್ನೇ ನೋಡಿದ. ಆಮೇಲೆ, "ಹೌದಪ್ಪ, ನೀನು ಹೇಳಾದು ಸರಿ" ಎಂದ. ನಾನು, ಅತ್ತಿಗೆ ಎರಡೂ ಕಡೆ ಹಿಡಿದು ಒಳಗೆ ನಡೆಸಿದೆವು. ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕುಂತ. "ಬಾಗಿಲು ಹಾಕು" ಎಂದು ನನಗೆ ಹೇಳಿದ. ಹಾಕಿದೆ. "ಅಗುಳಿ ಹಾಕು" ಎಂದ. ಅದನ್ನೂ ಹಾಕಿದೆ. ಟವಲನ್ನು ಮಡಿಸಿ, ಬಾಯಿಗೆ ತುರುಕಿ, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡ.

ಹೊರಗೆ ಮೂರನೆಯ ಸಲ ಕೂಗು ಎದ್ದಿತು, ಬೇರೆಯವನ ಕೂಗು. ಗೊರಸುಗಳ ಸದ್ದು ಶುರುವಾಯಿತು. ಅಣ್ಣನಿಗೆ ಕೆಮ್ಮು ಒತ್ತಿಕೊಂಡು ಬರುತ್ತಿತ್ತು. ಭುಜಗಳು ಕುಣಿಯುತ್ತಿದ್ದವು, ಕತ್ತಿನ ನರಗಳು ಉಬ್ಬಿದ್ದವು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ಟವಲು ತೆಗೆಯಲಿಲ್ಲ. ನಾನು ಅವನ ಬೆನ್ನ ಮೇಲೆ ಕೈ ಇಟ್ಟು, ಉದ್ದಕ್ಕೆ ಬಿಡು ಅಣ್ಣ, ನಿಧಾನಕ್ಕೆ ಬಿಡು ಎನ್ನುತ್ತಿದ್ದೆ. ಮೂಗಿನಿಂದಲೇ ಉಸಿರು ಬಿಟ್ಟ. ಒಂದು ದನಿ ಹೊರಡಿಸಲು ಇಡೀ ಬೇಸಿಗೆ ಅವನಿಗೆ ಪಾಠ ಮಾಡಿದ ನಾನು, ಆ ದನಿ ಹೊರಬರದ ಹಾಗೆ ಅವನ ಜೊತೆ ಕುಂತು ಕಾಯುತ್ತಿದ್ದೆ. ಕುರಿಗಳ ಕೂಗು ಓಣಿ ದಾಟಿತು, ಹುಣಸೆ ಮರದ ಹತ್ತಿರ ಸ್ವಲ್ಪ ತಡೆಯಿತು, ಆಮೇಲೆ ಟಾರು ರಸ್ತೆಯ ಕಡೆಗೆ ಹೋಗಿ ಬಸ್ಸಿನ ಸದ್ದಿನಲ್ಲಿ ಸೇರಿಹೋಯಿತು. ಅದು ಪೂರ್ತಿ ನಿಂತ ಮೇಲೂ ಅವನು ಟವಲನ್ನು ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದ.

ಸಂಜೆ ಅತ್ತಿಗೆ ದಿನದಂತೆ ಲೋಟದಲ್ಲಿ ಉಪ್ಪು ಹಾಕಿದ ನೀರು ತಂದು ನನ್ನ ಕೈಗೆ ಕೊಟ್ಟಳು. ಮುಕ್ಕಳಿಸು ಅಣ್ಣ, ಆಮೇಲೆ ಒಂದೇ ಒಂದು ಸಲ ಗುಂಯ್ ಅನ್ನು ಎಂದೆ. ನನ್ನ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಸಾಕು ಬಿಡವ್ವ" ಎಂದ. "ಇನ್ಯಾರ್ನ ಕರೀಲಿ?"

ದನಿ ಚೆನ್ನಾಗಿಯೇ ಇತ್ತು.